ಅದೆಮಾರನ ಮುಖದ ಗುಳ್ಳೆಗಳು

ಮೆಲೊ ಊರಿನ ಗಂಡಸರ ಗಡ್ಡವೆಲ್ಲ ಅದೆಮಾರ್ ಸಿಲ್ವೇರನ ಕತ್ತಿಗೇ ಒಗ್ಗಿಹೋಗಿತ್ತು. ದಂಡಿನಲ್ಲಿದ್ದಾಗ ಕಲಿತ ಕಸುಬು. ಬದುಕಿದ್ದವರಷ್ಟೇ ಅಲ್ಲ, ಸತ್ತವರೂ ಅವನ ಗಿರಾಕಿಗಳೇ. ಯಾರಾದರೂ ತೀರಿಕೊಂಡರೆ ಪೆಟ್ಟಿಗೆ ಮುಚ್ಚುವ ಮೊದಲು ಕೊನೆಯ ಕ್ಷೌರಕ್ಕೆ ಅವನನ್ನೇ ಕರೆಸುತ್ತಿದ್ದರು. ಅಲ್ಲಿ ಅವನು ತುಟಿ ಬಿಚ್ಚುತ್ತಿರಲಿಲ್ಲ. ಅಂಗಡಿಯಲ್ಲಿ ಮಾತ್ರ ಬಾಯಿಗೆ ಬಿಡುವೇ ಇರಲಿಲ್ಲ.

ಅವನಿಗೆ ಏನೋ ಆಗಿದೆ ಎಂದು ಮೊದಲು ಕಂಡುಹಿಡಿದವಳು ಹೆಂಡತಿ ನೆಲಿದಾ. ಒಂದು ಭಾನುವಾರ, ಕೆಂಡದ ಮೇಲೆ ತಾನೇ ಸುಟ್ಟ ಪಕ್ಕೆಲುಬಿನ ಮಾಂಸವನ್ನು ಅವನು ತಟ್ಟೆಯಲ್ಲೇ ಬಿಟ್ಟು ಎದ್ದ. ಮಲದಲ್ಲಿ ರಕ್ತ ಹೋಗುತ್ತಿದ್ದುದನ್ನು ಮೂಲವ್ಯಾಧಿ ಎಂದುಕೊಂಡು ಬಚ್ಚಿಟ್ಟಿದ್ದನೆಂದು ಅವಳು ಗದರಿ ಕೇಳಿದ ಮೇಲೆ ಹೊರಬಿತ್ತು. ರಾಜಧಾನಿ ಮೊಂತೆವಿದೇಯೊದ ಆಸ್ಪತ್ರೆಯಲ್ಲಿ ಎಡಗಡೆಯ ಕರುಳಿನ ತುಂಡೊಂದನ್ನು ಕತ್ತರಿಸಿ ತೆಗೆದರು. ಕ್ಯಾನ್ಸರಿನ ಗಡ್ಡೆ ಹೋಯಿತು. ಆದರೆ ಅದರ ಮರಿಗಳು ಆಗಲೇ ಯಕೃತ್ತಿಗೆ ಇಳಿದಿದ್ದವು. ಅಲ್ಲಿಗೆ ಕತ್ತಿ ಹಾಕುವಂತಿರಲಿಲ್ಲ.

"ನಿಮ್ಮ ಗಡ್ಡೆಯ ಗುಣ ಏನು ಅಂತ ಪರೀಕ್ಷೆ ಮಾಡಿಸಿದೀವಿ," ಎಂದಳು ಡಾಕ್ಟರ್ ಎಚೆವೆರಿ. "ಕೀಮೋ ಜೊತೆ ಇನ್ನೊಂದು ಔಷಧಿ ಕೊಡ್ತೀವಿ. ಅದು ಸಿಕ್ಕಸಿಕ್ಕ ಕಡೆ ಹೊಡೆಯಲ್ಲ. ಗಡ್ಡೆಗೆ 'ಬೆಳಿ' ಅಂತ ಅಪ್ಪಣೆ ಹೋಗೋ ಬಾಗಿಲು ಹುಡುಕಿ ಮುಚ್ಚುತ್ತೆ. ಎಲ್ಲರ ಗಡ್ಡೆಗೂ ಹತ್ತಲ್ಲ, ನಿಮ್ಮದಕ್ಕೆ ಹತ್ತಬಹುದು. ಆದ್ರೆ ಅಂಥದ್ದೇ ಬಾಗಿಲು ಚರ್ಮದಲ್ಲೂ ಇದೆ. ಮುಖ ಕೆಡತ್ತೆ."

"ನನ್ನ ಮುಖ ಹುಟ್ತಾನೇ ಕೆಟ್ಟಿರೋದು ಡಾಕ್ಟ್ರೇ."

ಅವಳು ನಕ್ಕಳು. "ಗುಳ್ಳೆ ಚೆನ್ನಾಗಿ ಎದ್ದವರಿಗೆ ಔಷಧಿ ಹತ್ತೋದೂ ಜಾಸ್ತಿ. ಹಾಗಂತ ಅದನ್ನೇ ಲೆಕ್ಕ ಇಟ್ಕೋಬೇಡಿ."

ಮೊದಲಿನ ಮಾತು ಅದೆಮಾರನ ಜೊತೆ ಬಸ್ಸು ಹತ್ತಿತು. ಎರಡನೆಯದು ಆಸ್ಪತ್ರೆಯಲ್ಲೇ ಉಳಿಯಿತು.

ಚಳಿಗಾಲ ಕಾಲಿಡುವ ಹೊತ್ತಿಗೆ ಗುಳ್ಳೆಗಳು ಎದ್ದವು. ಮೂಗು, ಕೆನ್ನೆ, ಹಣೆ, ಎದೆ, ಎಲ್ಲೆಲ್ಲೂ ಕೀವು ತುಂಬಿದ ಕೆಂಪು ಗುಳ್ಳೆ. ಬೆರಳ ತುದಿಗಳು ಸೀಳಿ ಕತ್ತರಿ ಹಿಡಿಯುವುದೇ ಹಿಂಸೆಯಾಯಿತು. ರೆಪ್ಪೆಗೂದಲು ಮಾತ್ರ ಸಿನಿಮಾ ನಟಿಯರ ಹಾಗೆ ಉದ್ದವಾಗಿ ಬೆಳೆದವು. ಗಿರಾಕಿಗಳು ಬಾಗಿಲವರೆಗೆ ಬಂದು, ಏನೋ ನೆನಪಾದವರಂತೆ ತಿರುಗಿ ಹೋಗತೊಡಗಿದರು. ರೈಲ್ವೆಯಿಂದ ನಿವೃತ್ತನಾದ ಗೆಳೆಯ ಒಲಿಂಪಿಯೊ ಒಬ್ಬನೇ ಎಂದಿನಂತೆ ಬಂದು ಕುರ್ಚಿಯಲ್ಲಿ ಕೂತ.

"ಹೆರೆಯೋ ಮಾರಾಯ. ನಿನ್ನ ಮುಖ ನೋಡಿದ ಮೇಲೆ ನನ್ನದೇ ಚೆಂದ ಅನ್ನಿಸ್ತಿದೆ."

"ನೋಡ್ಕೋ, ನೋಡ್ಕೋ. ಇವು ಗುಳ್ಳೆಯಲ್ಲ ಕಣೋ, ನನ್ನ ಕಾವಲುಗಾರರು."

ಹಾಗೆಂದು ಅವನು ನಿಜವಾಗಿಯೂ ನಂಬಿದ್ದ. ದಿನವಿಡೀ ಕನ್ನಡಿಯ ಮುಂದೆ ನಿಲ್ಲುವ ಕಸುಬು. ಹೊಸ ಗುಳ್ಳೆ ಕಂಡ ದಿನ ಊಟ ರುಚಿಸುತ್ತಿತ್ತು. ನೆಲಿದಾ ಮುಲಾಮು ಹಚ್ಚಲು ಬಂದರೆ, "ಸ್ವಲ್ಪ ತೆಳ್ಳಗೆ ಹಚ್ಚೇ," ಎಂದು ಬೇಡುತ್ತಿದ್ದ.

ಡ್ರಿಪ್ಪು ಹಾಕಿಸಿಕೊಳ್ಳಲು ಹೋಗುವ ರಾಜಧಾನಿಯ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಜುಲ್ಮಾಳದ್ದು. ದಾರಿಯಲ್ಲಿ ಸಿಗುವ ಫ್ರೈಲೆ ಮುಯೆರ್ತೊ ಊರಿನ ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಿದ್ದವಳು. ಅದೇ ಕಾಯಿಲೆ, ಅದೇ ಔಷಧಿ. ಆದರೆ ಅವಳ ಕೆನ್ನೆಯ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಮಾಟೆ ಎಂಬ ಎಲೆಯ ಕಷಾಯದ ಸೋರೆಬುರುಡೆಯನ್ನು ಅವನ ಕೈಗೆ ಕೊಡುತ್ತ ಅವಳು ಅವನ ಮುಖವನ್ನೇ ಆಸೆಯಿಂದ ನೋಡುವಳು.

"ನಿನ್ನದೇ ಅದೃಷ್ಟ ಬಿಡು," ಎನ್ನುವಳು.

"ನಿನಗೂ ಏಳತ್ತೆ," ಎನ್ನುವನು. ಒಳಗೊಳಗೆ ಅವಳ ದಿನಗಳು ಮುಗಿದವೆಂದು ತೀರ್ಮಾನಿಸಿ, ಮರುಕಪಟ್ಟು, ಆ ಮರುಕದಲ್ಲೇ ಬೆಚ್ಚಗೆ ಕೂರುತ್ತಿದ್ದ.

ವಸಂತ ಬಂದಂತೆ ಅವನ ಗುಳ್ಳೆಗಳು ಬಾಡತೊಡಗಿದವು. ಮೊದಲು ಹಣೆ, ಆಮೇಲೆ ಕೆನ್ನೆ. ಊರು ಸಂಭ್ರಮಪಟ್ಟಿತು. ಗಿರಾಕಿಗಳು ಮರಳಿದರು. "ಮದುಮಗನ ಹಾಗೆ ಹೊಳೀತಿದೀಯಲ್ಲೋ!" ಎಂದ ಒಲಿಂಪಿಯೊ. ಅದೆಮಾರ್ ಕತ್ತಿ ಕೆಳಗಿಟ್ಟು ಕನ್ನಡಿಯತ್ತ ಬಾಗಿದ.

ಅವನು ಕ್ಷೌರ ಮಾಡಿದ ಸತ್ತವರೆಲ್ಲರ ಮುಖ ಹೀಗೇ ತಿಳಿಯಾಗಿತ್ತು. ಸುಕ್ಕು ಸಡಿಲಿ, ಕೆಂಪು ಇಳಿದು, ನುಣ್ಣಗೆ. ಈಗ ಕನ್ನಡಿಯಲ್ಲಿ ಅಂಥದೇ ಒಂದು ಮುಖ ಅವನನ್ನು ನೋಡುತ್ತಿತ್ತು, ಉದ್ದನೆಯ ರೆಪ್ಪೆ ಬಡಿಯುತ್ತ.

ನೆಲಿದಾಗೆ ಏನೂ ಹೇಳಲಿಲ್ಲ. ಗುಳ್ಳೆ ತಡೆಯಲು ಕೊಟ್ಟಿದ್ದ ಮಾತ್ರೆಗಳನ್ನು ನುಂಗುವುದು ಬಿಟ್ಟ. ಬಿಸಿಲು ತಾಗಿಸಬೇಡಿ ಎಂದಿದ್ದರು. ಅಂಗಡಿಯ ಹಿತ್ತಿಲಲ್ಲಿ ಬರಿತಲೆಯಲ್ಲಿ ನಡುಮಧ್ಯಾಹ್ನಕ್ಕೆ ಮುಖವೊಡ್ಡಿ ನಿಂತ. ಒರಟು ಟವೆಲ್ಲಿನಿಂದ ಕೆನ್ನೆ ತಿಕ್ಕಿದ. ಚರ್ಮ ಕೆಂಪಾಯಿತು, ಸುಲಿಯಿತು. ಗುಳ್ಳೆಗಳು ಬರಲಿಲ್ಲ. ಬಂದದ್ದು ಬೇರೆಯೇ. ಒಂದು ಬೆಳಿಗ್ಗೆ ಕಣ್ಣು ಮುಚ್ಚುವಷ್ಟು ಕೆನ್ನೆ ಊದಿ, ಮೈ ಕಾದ ಹಂಚಾಗಿತ್ತು.

"ಏನ್ ಮಾಡ್ಕೊಂಡೆ? ಏನ್ ಮಾಡ್ಕೊಂಡೆ ಹೇಳು!" ಎಂದು ನೆಲಿದಾ ಅವನ ಭುಜ ಹಿಡಿದು ಅಲುಗಾಡಿಸಿದಳು. ಹೇಳಿದ. ಕೇಳಿ ಅವಳು ಬಯ್ಯಲಿಲ್ಲ. ಟವೆಲ್ಲನ್ನು ಒಲೆಗೆ ಹಾಕಿ, ಅದು ಉರಿದು ಮುಗಿಯುವವರೆಗೆ ಅಲ್ಲೇ ನಿಂತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಎಚೆವೆರಿ ಸ್ಕ್ಯಾನಿನ ಚಿತ್ರಗಳನ್ನು ಅವನ ಮುಂದೆ ಹಿಡಿದಳು. ಯಕೃತ್ತಿನ ಕಲೆಗಳು ಅರ್ಧಕ್ಕೆ ಇಳಿದಿದ್ದವು.

"ಇದು ನಿಮ್ಮ ಮುಖ ತಿಳಿಯಾಗಿದ್ದಾಗ ತೆಗೆದದ್ದು, ಅದೆಮಾರ್. ಔಷಧಿ ಕೆಲಸ ಮಾಡ್ತಾನೇ ಇತ್ತು. ಗುಳ್ಳೆ ಕಾಲಕ್ರಮದಲ್ಲಿ ತಾನಾಗಿ ಇಳಿಯತ್ತೆ."

"ಹಾಗಾದ್ರೆ ಮುಂದಿನ ಡ್ರಿಪ್ಪು?"

"ಈ ನಂಜು ಇಳಿಯೋ ತನಕ ಕೊಡೋ ಹಾಗಿಲ್ಲ."

ನಂಜು ಬೇಗ ಇಳಿಯಲಿಲ್ಲ. ಬೇಸಿಗೆಯ ದೊಡ್ಡ ಪಾಲು ಹಾಸಿಗೆಯಲ್ಲೇ ಕಳೆಯಿತು. ಮತ್ತೆ ಔಷಧಿ ಶುರುವಾದ ಮೇಲೆ ತೆಗೆದ ಸ್ಕ್ಯಾನಿನಲ್ಲಿ ಒಂದು ಕಲೆ ಬೆಳೆದಿತ್ತು, ಪಕ್ಕದಲ್ಲಿ ಹೊಸದೊಂದು ಹುಟ್ಟಿತ್ತು.

"ನಾನು ಮಾಡಿದ್ದರಿಂದಲೇನಾ?" ಎಂದು ಕೇಳಿದ.

ಡಾಕ್ಟರ್ ಚಿತ್ರಗಳನ್ನು ಮೇಜಿನ ಮೇಲಿಟ್ಟಳು. "ಗೊತ್ತಿಲ್ಲ. ನಿಲ್ಲಿಸದೇ ಇದ್ದವರಲ್ಲೂ ಗಡ್ಡೆ ಒಂದಲ್ಲ ಒಂದು ದಿನ ಬೇರೆ ಬಾಗಿಲು ಹುಡುಕಿಕೊಳ್ಳತ್ತೆ." ಔಷಧಿ ಬದಲಾಯಿಸಿದಳು. ಹೊಸದು ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಬಗೆಯದು.

ಜುಲ್ಮಾ ಇನ್ನೂ ಹಳೆಯ ಔಷಧಿಯಲ್ಲೇ ಇದ್ದಳು. ಮುಖ ನುಣ್ಣಗೇ ಇತ್ತು, ಅವಳ ಕಲೆಗಳು ಕುಗ್ಗುತ್ತಲೇ ಇದ್ದವು. ಊರಿಗೆ ಮರಳುವ ಬಸ್ಸಿನಲ್ಲಿ ಅವನಿಗೆ ಅವಳತ್ತ ತಿರುಗಲು ನಾಚಿಕೆಯಾಯಿತು.

"ಈ ಹೊಸದಕ್ಕೆ ಗುರುತು ಏನಂತೆ?" ಎಂದು ಅವಳೇ ಕೇಳಿದಳು.

"ಏನೂ ಇಲ್ಲ. ಹೊರಗೆ ಏನೂ ಕಾಣಲ್ಲವಂತೆ."

ಹುಲ್ಲುಗಾವಲಿನಲ್ಲಿ ದನಗಳು ತಲೆ ತಗ್ಗಿಸಿ ನಿಂತಿದ್ದವು. ಅದೆಮಾರ್ ಕೈಯನ್ನು ಬಲಪಕ್ಕೆಲುಬಿನ ಕೆಳಗೆ, ಯಕೃತ್ತಿರುವ ಕಡೆ, ಇಟ್ಟುಕೊಂಡ.

"ಇಲ್ಲಿ ಒಂಥರಾ ಭಾರ ಆಗ್ತಿದೆ ಕಣೇ. ಮೊನ್ನೆಯಿಂದ."

"ನೆಲಿದಾಗೆ ಹೇಳಿದ್ಯಾ?"

"ಇಲ್ಲ."

"ಡಾಕ್ಟ್ರಿಗೆ?"

ಅವನು ತಲೆಯಲ್ಲಾಡಿಸಿದ. ಜುಲ್ಮಾ ಬುರುಡೆಗೆ ಬಿಸಿನೀರು ಹಾಕಿ ಅವನ ಕೈಗಿಟ್ಟಳು. "ಇವತ್ತೇ ಹೇಳ್ಬೇಕು. ಹೇಳ್ತೀನಿ ಅಂತ ನನ್ನ ಮುಖ ನೋಡಿ ಹೇಳು."

ಅವನು ಅವಳ ಮುಖ ನೋಡಿದ. ಜುಲ್ಮಾ ತನ್ನೂರಿನಲ್ಲಿ ಇಳಿದುಕೊಂಡಳು. ಮೆಲೊದ ನಿಲ್ದಾಣದಲ್ಲಿ ನೆಲಿದಾ ಕೋಟು ಹೊದ್ದು ನಿಂತಿದ್ದಳು. ಬಸ್ಸು ತಿರುಗುವಾಗಲೇ ಅವನನ್ನು ಕಿಟಕಿಯಲ್ಲಿ ಕಂಡು ಕೈಯೆತ್ತಿದಳು. ಅದೆಮಾರ್ ಸೀಟಿನ ಬೆನ್ನು ಹಿಡಿದು ಎದ್ದು, ಏನೆಂದು ಶುರುಮಾಡಲಿ ಎಂದು ಯೋಚಿಸುತ್ತ, ಮೆಟ್ಟಿಲಿಳಿಯತೊಡಗಿದ.