ಹೇಳಿದಷ್ಟೇ ಸರಿಯುವ ಬೆಳಕು

ಗದಗಿನ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮೇಡಂ ಶಿಗ್ಲಿ ಊರಿನವರು. ಸೆರಗು ಸದಾ ಸೊಂಟಕ್ಕೆ ಸಿಕ್ಕಿಸಿಯೇ ಇರುತ್ತಿತ್ತು. ಕೂದಲೆಳೆಯಂಥ ಗಾಜಿನ ತಂತುವಿನಲ್ಲಿ ಲೇಸರ್ ಬೆಳಕು ಹುಟ್ಟಿಸಿ, ತಂತುವನ್ನು ತುಸುವೇ ಹಿಗ್ಗಿಸಿ ಬೆಳಕಿನ ತರಂಗಾಂತರವನ್ನು ಬೇಕಾದಂತೆ ಬದಲಿಸುವುದು ಅವರ ಸಂಶೋಧನೆ. ಆದರೆ ಹಿಗ್ಗಿಸಿದಾಗಲೆಲ್ಲ ಬೆಳಕು ನಡುಗುತ್ತಿತ್ತು.

“ಬದಲಿಸೋದು ಬಿಡ್ರಿ ಮೇಡಂ. ಹಂಗ ಬಿಟ್ರ ಸ್ಥಿರ ಇರ್ತೈತಲ್ಲ, ಸಾಕು” ಎಂದು ಪಕ್ಕದ ಮೇಜಿನ ನಾನು ಹೇಳುತ್ತಿದ್ದೆ.

ಅವರದು ಯಾವಾಗಲೂ ಒಂದೇ ಉತ್ತರ: “ಸುಮ್ನ ಕುಂತ ಬೆಳಕು ಯಾರಿಗೆ ಬೇಕ್ರಿ? ಹೇಳಿದಾಗ ಸರೀಬೇಕು, ಹೇಳದಾಗ ಅಲುಗಾಡಬಾರದು.”

ಕೊನೆಗೆ ನಡುಕ ಬರುತ್ತಿರುವುದು ಹಿಗ್ಗಿಸುವ ಸಾಧನಕ್ಕೆ ಕೊಟ್ಟ ಗೋಡೆಯ ಕರೆಂಟಿನಿಂದಲೇ ಎಂದು ಪತ್ತೆಹಚ್ಚಿ, ಎಲ್ಲವನ್ನೂ ಬ್ಯಾಟರಿಯ ಮೇಲೆ ನಡೆಸತೊಡಗಿದರು.

ಈ ಸಂಶೋಧನೆಯನ್ನು ಪರಿಶೀಲಿಸಲು ಹೊರಗಿನಿಂದ ಪರೀಕ್ಷಕರಿಬ್ಬರು ಬಂದ ದಿನ, ಅವರ ಕಣ್ಣೆದುರೇ ತಂತು ತುಂಡಾಯಿತು. ತರಂಗಾಂತರ ತೋರಿಸುತ್ತಿದ್ದ ಗೆರೆ ಪರದೆಯಿಂದ ಮಾಯವಾಯಿತು. ಟ್ರೇನಿಗೆ ಹೊತ್ತಾಯಿತೆಂದು ಇಬ್ಬರೂ ಎದ್ದರು. ಮೇಡಂ ಮುಖ ಕೆಂಪೇರಿತು, ದನಿ ಮಾತ್ರ ಏರಲಿಲ್ಲ.

“ಟ್ರೇನ್ ಮತ್ತೊಂದು ಐತ್ರಿ. ಕುಂಡ್ರಿ.”

ಅವರು ಕುಳಿತರು. ಮೇಡಂ ಮುರಿದ ತುದಿಗಳನ್ನು ಒರೆಸಿದರು, ಬೆಸೆದರು, ತಂತುವನ್ನು ಮತ್ತೆ ಬಿಗಿದರು. ಆಮೇಲೆ ಹಿಗ್ಗಿಸುವ ಗುಂಡಿಯತ್ತ ಹಿರಿಯ ಪರೀಕ್ಷಕರನ್ನೇ ಕರೆದರು. “ಈಗ ನೀವ ತಿರುವಿ ನೋಡ್ರಿ.”

ಅವರು ತಿರುವಿದಷ್ಟೇ ಗೆರೆ ಸರಿಯಿತು. ಕೈ ಬಿಟ್ಟ ಕೂಡಲೇ ನಿಂತಿತು, ಒಂದಿಷ್ಟೂ ನಡುಗಲಿಲ್ಲ. ಅವರು ಮತ್ತೆ ತಿರುವಿದರು, ಮತ್ತೆ ನಿಲ್ಲಿಸಿದರು.

ಜೊತೆಗಿದ್ದ ಪರೀಕ್ಷಕರು ಮುಂದಿನ ಟ್ರೇನಿನ ನೆನಪು ಮಾಡಿದರು. ಹಿರಿಯರು ಪರದೆಯಿಂದ ಕಣ್ಣು ಕೀಳಲೇ ಇಲ್ಲ.