ಮೇಲಿಂದು ಅನ್ನೋ ಮಾತು

ನಮ್ಮತ್ತೆ ಬಾಯಲ್ಲಿ ಸದಾ ಇದ್ದ ಮಾತು ‘ಮೇಲಿಂದು’. ಸೀರೆ ಮೇಲಿಂದು, ಒಡವೆ ಮೇಲಿಂದು, ನೆಂಟರು ಆಡೋ ನಯದ ಮಾತೂ ಮೇಲಿಂದು. ಅವರ ಮಗ, ಅಂದ್ರೆ ನಮ್ಮನೆಯವರು, ಕೊರಳಿಗೆ ಕಟ್ಟಿಕೊಳ್ತಿದ್ದ ಬೆಳ್ಳಿ ಕರಡಿಗೆನೂ ಮೇಲಿಂದೇ. “ಒಳಗಿರೋ ಲಿಂಗ ದೇವ್ರು ಕಣಮ್ಮ, ಅದು ಬರೀ ಡಬ್ಬಿ” ಅನ್ನೋರು. ಆ ಡಬ್ಬಿ ಮಂಕಾದ್ರೆ ಮಾತ್ರ ನನ್ನನ್ನೇ ಬೈಯೋರು.

ತೊಂಬತ್ತೈದೋ ಆರೋ ಇರಬೇಕು. ನಮ್ಮನೆಯವರು ಕಡಕೊಳದ ಫ್ಯಾಕ್ಟರಿಯಿಂದ ಸೈಕಲ್ಲಲ್ಲಿ ಬರ್ತಾ ಬಿದ್ದರು. ಮೊಣಕೈ ತರಚಿತ್ತು, ಹೊಟ್ಟೆಗೆ ಹ್ಯಾಂಡಲ್ ಬಡಿದಿತ್ತು. ಡಾಕ್ಟರು ನೋಡಿ, “ಮೇಲಿನ ಗಾಯ, ಒಳಗೇನೂ ಆಗಿಲ್ಲ” ಅಂದರು.

“ಕೇಳ್ದೇನವ್ವ, ನಂದೂ ಮೇಲಿಂದೇಯ” ಅಂತ ಇವರು ಅತ್ತೆನ ರೇಗಿಸಿದರು. ಎಲ್ಲರೂ ನಕ್ಕೆವು.

ಬೆಳಗಾಗೋ ಹೊತ್ತಿಗೆ ಹೊಟ್ಟೆ ಕಲ್ಲಾಗಿತ್ತು. ದೊಡ್ಡಾಸ್ಪತ್ರೆ ದಾರಿಯಲ್ಲೇ ಹೋಗಿಬುಟ್ಟರು. ಒಳಗೆಲ್ಲ ರಕ್ತ ತುಂಬಿತ್ತಂತೆ. ಅತ್ತೆ ಆಮೇಲೆ ಆ ಮಾತು ಆಡಲಿಲ್ಲ.

ನಮ್ಮಲ್ಲಿ ಸುಡೋದಿಲ್ಲ, ಕೂರಿಸಿ ಮಣ್ಣು ಮಾಡೋದು. ಅಯ್ಯನವರು ಕರಡಿಗೆ ಬಿಚ್ಚಿ, ಲಿಂಗಾನ ಇವರ ಎಡಗೈಲಿಟ್ಟು, ಖಾಲಿ ಕರಡಿಗೆ ನನಗೆ ಕೊಟ್ಟರು. “ಇದು ಮನೇಲಿರಲಿ ತಾಯಿ.”

ಮನೇಲಿ ತೆರೆದು ನೋಡಿದೆ. ಲಿಂಗದ ಕಪ್ಪು ತಾಗಿ ತಾಗಿ ಒಳಗೆ ದುಂಡಗೆ ಕಲೆ ಕೂತಿತ್ತು. ಇವರು ದಿನಾ ಪೂಜೆ ಮುಗಿಸಿ ಲಿಂಗ ಒಳಗಿಟ್ಟು ಆದ ಕಲೆ. ಇವರದಂತ ಇದ್ದ ಫೋಟೋ ಮದುವೇದೊಂದೇ, ಅದರಲ್ಲಿ ಯಾರೋ ಥರ ಕಾಣ್ತಾರೆ. ನನಗೆ ಈ ಕಲೇನೇ ಇವರು. ಸೋಮವಾರ ಸೋಮವಾರ ವಿಭೂತಿ ಹಾಕಿ ಕರಡಿಗೆ ಹೊರಗಡೆ ಉಜ್ಜೋಳು. ಒಳಗೆ ಬೆರಳು ಸೋಕಿಸ್ತಿರಲಿಲ್ಲ. ಯಾಕೆ ಅಂತ ಯಾರಿಗೂ ಹೇಳಲಿಲ್ಲ, ಹೇಳೋವಂಥದ್ದೇನಿರಲಿಲ್ಲ.

ವರ್ಷಗಳಾದ ಮೇಲೆ ನನ್ನ ಮಗನ ಮದುವೆಯಾಯ್ತು. ಸೊಸೆ ಒಳ್ಳೇವಳು, ಕೆಲಸಕ್ಕೆ ಹಿಂದೆ ಮುಂದೆ ನೋಡೋಳಲ್ಲ. ಹಬ್ಬಕ್ಕೆ ಬೆಳ್ಳಿ ಸಾಮಾನೆಲ್ಲ ಬೆಳಗಿ ತಂದಿಟ್ಟಳು.

“ಎಂಥ ಅತ್ತೆ ನೀವು, ಇಷ್ಟು ವರ್ಷ ಬರೀ ಮೇಲ್ಮೇಲೆ ಉಜ್ಜಿದೀರಿ. ಈ ಕರಡಿಗೆ ಒಳಗೆ ಎಷ್ಟು ಕಪ್ಪಿತ್ತು ಗೊತ್ತಾ? ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ನನ್ನ ಕೈ ಬಿದ್ದೋಯ್ತು.”

ಬಾಗಿಲ ಬೆಳಕಿಗೆ ಹಿಡಿದೆ. ಒಳಗೆಲ್ಲ ಫಳಫಳ. ಬೆರಳಾಡಿಸಿದೆ, ನುಣ್ಣಗಿತ್ತು.

“ಚೆನ್ನಾಗಿದೆಯಾ?”

“ಚೆನ್ನಾಗದೆ ಕಣಮ್ಮ. ಕೈ ತೊಳ್ಕೊಂಡು ಊಟ ಮಾಡೋಗು.”

ಮುಂದಿನ ಸೋಮವಾರ ನಾನು ಕರಡಿಗೆ ತೆಗೀಲಿಲ್ಲ. ಈಗ ಸೊಸೇನೇ ಉಜ್ತಾಳೆ, ಒಳಗೂ ಹೊರಗೂ.