ಒಡಕು ಬಟ್ಟಲುಗಳ ಕಾವಲು

ಬೆಳಕು ಹರಿಯುವ ಮುನ್ನವೇ ಲವೀನಿಯಾ ಟಾರ್ಪ್ಲಿ ಸ್ಮಶಾನದಲ್ಲಿ ಮಂಡಿಯೂರಿದ್ದಾರೆ. ಮಗ್ಗುಲಿನ ಬಕೆಟ್ಟಿನ ತುಂಬ ಒಡೆದ ತಟ್ಟೆ, ಹಿಡಿ ಮುರಿದ ಬಟ್ಟಲು. ಒಂದೊಂದನ್ನೇ ಏಪ್ರನ್ನಿನ ಅಂಚಿನಲ್ಲಿ ಒರೆಸಿ, ಯಾರದೆಂದು ನೆನಪಿಸಿಕೊಂಡು, ಅವರವರ ತಲೆಯ ಬಳಿ ಮಣ್ಣಿಗೆ ಒತ್ತುತ್ತಾರೆ.

ಅಮೆರಿಕದ ಜಾರ್ಜಿಯಾದ ಈ ಊರಿನ ದೊಡ್ಡ ಸ್ಮಶಾನಕ್ಕೆ ಕಪ್ಪು ಜನರ ಹೆಣ ಹೋಗುವಂತಿರದ ಕಾಲದಲ್ಲಿ ಪ್ಲಮ್ ಹಿಲ್ ಕೇರಿಯವರು ತಮ್ಮವರನ್ನು ಇಲ್ಲಿ ಮಣ್ಣು ಮಾಡಿದರು. ಕಲ್ಲು ನೆಡಿಸುವ ಶಕ್ತಿ ಯಾರಿಗಿತ್ತು? ಸತ್ತವರು ಕೊನೆಯದಾಗಿ ಬಾಯಿಗಿಟ್ಟ ಬಟ್ಟಲನ್ನೇ ಒಡೆದು ಇಡುತ್ತಿದ್ದರು. ಒಡೆಯದಿದ್ದರೆ ಮನೆಯ ಇನ್ನೊಬ್ಬರು ಬೆನ್ನಿಗೇ ಹೊರಡುತ್ತಾರೆಂಬ ಭಯ. ಮುಂದೆ ಹೆದ್ದಾರಿ ಬಂದು ಮನೆ, ಅಂಗಡಿ, ಶಾಲೆ ಎಲ್ಲವನ್ನೂ ನುಂಗಿತು. ಕೇರಿಯಲ್ಲಿ ಉಳಿದವರು ಹೆಚ್ಚಾಗಿ ಸತ್ತವರೇ.

ಸತ್ತ ಮೇಲಾದರೂ ನೆಮ್ಮದಿ ಎನ್ನುತ್ತಾರೆ. ಇವರಿಗೆ ಅದೂ ಇಲ್ಲ. ಕಳೆದ ಈಸ್ಟರ್‌ಗೆ ಚರ್ಚಿನ ಹುಡುಗರು ಪುಣ್ಯದ ಕೆಲಸವೆಂದು ಸ್ಮಶಾನ ಗುಡಿಸಿ, ಒಡಕನ್ನೆಲ್ಲ ಗುಂಡಿಗೆ ಸುರಿದರು. ಪರರಲ್ಲ, ಕೇರಿಯವರದೇ ಮೊಮ್ಮಕ್ಕಳು. ಹಿಂದೆಯೇ ರಸ್ತೆ ಅಗಲಿಸುವವರು ಬಂದು, ಗುರುತಿಲ್ಲದಲ್ಲಿ ಗೋರಿಯೂ ಇಲ್ಲ ಎಂದರು. ಅಂದಿನಿಂದ ಎಪ್ಪತ್ತು ದಾಟಿದ ಈ ಹೆಂಗಸು ಗುಂಡಿಗಿಳಿದು ಚೂರು ಹೆಕ್ಕುತ್ತಿದ್ದಾರೆ.

ನೆನಪು ಕೈಕೊಟ್ಟಾಗ ಬೇಲಿಯಾಚೆಯ ಮೊಜೆಲ್ ಅಜ್ಜಿಯೇ ಗತಿ.

"ಗುಲಾಬಿ ಬಳ್ಳಿ ತಟ್ಟೆ ಯಾರ್ದಜ್ಜಿ?"

"ಕ್ಷೌರದ ಎಲ್ಬರ್ಟಂದು ಕಣೇ ಹುಡ್ಗಿ. ಅದ್ರಲ್ಲೇ ನಾನ್ ಕೊಟ್ಟ ಮೀನು ತಿಂದು ಉಪ್ಪು ಕಮ್ಮಿ ಅಂದಿದ್ದ. ಇಡು, ಆ ಪಾಪಿ ತಲೆ ಹತ್ರಾನೇ ಇಡು!"

ರಸ್ತೆಯ ಅಂಚಿನ ಕೊನೆಯ ಸಾಲಿನಲ್ಲಿ ಲವೀನಿಯಾರ ತಾಯಿ ಮಲಗಿದ್ದಾರೆ. ಅವರ ನೀಲಿ ಬಟ್ಟಲು ಮಾತ್ರ ಸಿಕ್ಕಿಲ್ಲ. ಗುಂಡಿಯ ತಳ ಕಂಡಾಗಿದೆ, ನಾಳೆ ರಸ್ತೆಯ ಅಳತೆಯವರು ಬರುತ್ತಾರೆ. ಬಕೆಟ್ಟಿನಲ್ಲಿ ಯಾರದೆಂದು ತಿಳಿಯದ ಚೂರುಗಳು ಇನ್ನೂ ಇವೆ.

"ಯಾವ್ದಾದ್ರೂ ಒಂದಿಟ್ಬಿಡೆ, ಅವ್ರಿಗೇನ್ ಗೊತ್ತಾಗುತ್ತೆ?" ಎಂದು ಮೊಜೆಲ್ ಗದರುತ್ತಾರೆ.

ಲವೀನಿಯಾ ಒಂದು ಚೂರು ಎತ್ತಿಕೊಂಡು, ನೋಡಿ, ಮತ್ತೆ ಬಕೆಟ್ಟಿಗೆ ಹಾಕುತ್ತಾರೆ. ಕಣ್ಣು ತುಂಬಿದೆ.

"ಬಿಳಿಯರ ಮನೇಲಿ ಅವ್ವಂಗೆ ಬೇರೆ ತಗಡಿನ ಡಬ್ಬಿ. ಹಿತ್ತಲ ಬಾಗಿಲಲ್ಲೇ ಕುಡೀಬೇಕು. ಆ ನೀಲಿ ಬಟ್ಲೊಂದೇ ಅವ್ಳು ತನಗೇಂತ ತಗೊಂಡಿದ್ದು. ಬದುಕಿರೋಗಂಟ ಕಂಡೋರ ತಟ್ಟೆ ತೊಳೆದ್ಲು. ಈಗ್ಲೂ ಕಂಡೋರ ತಟ್ಟೆನೇ ಅವಳ ತಲೆ ಹತ್ರ ಇಡ್ಲಾ?"

ಲವೀನಿಯಾ ಮಂಡಿಯ ಮಣ್ಣು ಕೊಡವುತ್ತಾರೆ.

"ನಾಳೆ ಅಲ್ಲಿ ನಾನೇ ಕೂತಿರ್ತೀನಿ. ಗುರುತು ಕೇಳಿದ್ರೆ, ನಾನಿದೀನಲ್ಲ."